ಅಳತೆಗೆ ಮೀರಿದ ಮನೆ

ಭಯಾನಕವು ನವರಸಗಳಲ್ಲಿ ಒಂದೆಂದು ನಮ್ಮ ಲಾಕ್ಷಣಿಕರು ಎಣಿಸಿರುವರು. ಚಲಚ್ಚಿತ್ರವು ಬಂದ ಬಳಿಕ ಭಯವನ್ನು ಕಣ್ಣಿಗೇ ಕಾಣಿಸುವುದು ಸುಲಭವಾಯಿತು. ಹಾಗಾದರೆ ಮೌನವಾದ ಅಚ್ಚಿನ ಪುಟಕ್ಕೆ ಉಳಿದ ಕೆಲಸವೇನು? ಅಮೆರಿಕದ ಮಾರ್ಕ್ ಡ್ಯಾನಿಯೆಲೆವ್ಸ್ಕಿಯವರು 2000ದಲ್ಲಿ ಪ್ರಕಟಿಸಿದ ‘ಹೌಸ್ ಆಫ್ ಲೀವ್ಸ್’ ಎಂಬ ಕಾದಂಬರಿಯಲ್ಲಿ ಇದಕ್ಕೊಂದು ಉತ್ತರವಿದೆ.

ಕಥೆಯ ನಡುವೆ ಇರುವುದು ಒಂದು ಸಾಕ್ಷ್ಯಚಿತ್ರ. ನೇವಿಡ್ಸನ್ ಎಂಬ ಛಾಯಾಗ್ರಾಹಕನು ತನ್ನ ಸಂಸಾರವು ಹೊಸ ಮನೆಯಲ್ಲಿ ನೆಲೆಗೊಳ್ಳುವುದನ್ನು ಚಿತ್ರಿಸಲು ತೊಡಗುತ್ತಾನೆ. ಅಳೆದು ನೋಡಿದರೆ, ಮನೆಯ ಒಳ ಅಳತೆಯು ಹೊರ ಅಳತೆಗಿಂತ ಕಾಲು ಅಂಗುಲ ಹೆಚ್ಚು! ಮುಂದೆ ಗೋಡೆಯಲ್ಲಿ ಬಾಗಿಲೊಂದು ತೋರಿ, ಅದರಾಚೆ ಕೊನೆಯಿಲ್ಲದ ಕತ್ತಲೆಯ ಓಣಿಗಳು ತೆರೆಯುತ್ತವೆ. ಆ ಚಿತ್ರವನ್ನು ಓದುಗನು ಎಂದೂ ಕಾಣನು. ಅದನ್ನು ವಿವರಿಸುವ ವೃದ್ಧನೋ ಅಂಧನು.

ಕಾಲು ಅಂಗುಲದ ಈ ಭಯವನ್ನು ಅರಿಯಲು ಉಡುಪಿಯ ಸೀಮೆಯವರು ದೂರ ಹೋಗಬೇಕಾಗಿಲ್ಲ. ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ದಿವಂಗತ ವಿಜಯನಾಥ ಶೆಣೈಯವರು, ನಾಶವಾಗಲಿದ್ದ ಹಳೆಯ ಮನೆಗಳನ್ನು ಕಳಚಿ ತಂದು ಮರಳಿ ನಿಲ್ಲಿಸಿದರು; ಕಾರ್ಕಳದ ಬಳಿಯ ಮಿಯ್ಯಾರಿನ ಮನೆಯೂ ಅವುಗಳಲ್ಲೊಂದು. ಕಂಬ, ತೊಲೆ, ಜಂತಿಗಳು ಅಳತೆಗೆ ಅಳತೆ ಕೂಡಿದರಷ್ಟೆ ಮನೆಯು ನಿಂತೀತು. ಅಳತೆ ತಪ್ಪದೆಂಬ ನಂಬುಗೆಯಿಂದಲೇ ನಾವು ರಾತ್ರಿ ನಿಶ್ಚಿಂತೆಯಾಗಿ ಮಲಗುವುದು. ಕಾದಂಬರಿಕಾರರು ಅಲುಗಿಸುವುದು ಈ ನಂಬುಗೆಯನ್ನು.

ಚಲಚ್ಚಿತ್ರದಿಂದ ಅವರು ಪಡೆದ ಸಾಲವಾದರೂ ಏನು? ಮೊದಲನೆಯದು, ಮರೆಮಾಡುವ ಕಲೆ. 1901ರಲ್ಲಿ ನಿರ್ಮಿತವಾದ ಕಾಪುವಿನ ದೀಪಸ್ತಂಭವು ಕ್ಷಣಕಾಲ ಬೆಳಗಿ ಮರುಕ್ಷಣ ಕತ್ತಲೆಗೆ ಎಡೆಗೊಡುವಂತೆ, ಕ್ಯಾಮೆರಾ ತನ್ನ ಚೌಕಟ್ಟಿನೊಳಗಿನದನ್ನು ತೋರಿ ಉಳಿದುದನ್ನು ಅಡಗಿಸುತ್ತದೆ. ಭಯವು ಹುಟ್ಟುವುದು ಆ ಅಡಗಿದುದರಲ್ಲಿ. ಎರಡನೆಯದು, ಸಂಕಲನದ ವೇಗ. ಪಾತ್ರಗಳು ಧಾವಿಸುವಲ್ಲಿ ಪುಟಕ್ಕೆ ಕೆಲವೇ ಪದಗಳಿರುವುದರಿಂದ ನಮ್ಮ ಬೆರಳೂ ಧಾವಿಸುತ್ತದೆ. ಅವರು ದಾರಿ ತಪ್ಪುವಲ್ಲಿ ಅಡಿಟಿಪ್ಪಣಿಗಳು ಅಡ್ಡಲಾಗಿ, ತಲೆಕೆಳಗಾಗಿ ಹರಡಿ ನಮ್ಮನ್ನೂ ದಾರಿ ತಪ್ಪಿಸುತ್ತವೆ.

ಇದು ನಮಗೆ ತೀರ ಅಪರಿಚಿತವಲ್ಲ. ಯಕ್ಷಗಾನದ ಬಣ್ಣದ ವೇಷವು ಮೊದಲು ತೆರೆಯ ಹಿಂದೆಯೇ ಅಬ್ಬರಿಸುವುದು. ಚೆಂಡೆಯ ಬಿರುಸಿನಲ್ಲಿ, ಕಾಣದ ಮುಖವನ್ನು ಸಭಿಕರು ತಾವೇ ಕಲ್ಪಿಸಿಕೊಳ್ಳುವರು.

ಆದರೆ ಬರಿಯ ಅಚ್ಚಿನ ಚಮತ್ಕಾರವು ಎರಡನೆಯ ಸಲ ಯಾರನ್ನೂ ಹೆದರಿಸದು. ನೇವಿಡ್ಸನ್ನನಿಗೂ ಅವನ ಸಂಗಾತಿ ಕ್ಯಾರೆನ್ನಳಿಗೂ ನಡುವೆ ಬೆಳೆಯುವ ದೂರವೇ ಆ ಓಣಿಗಳ ಕತ್ತಲೆಯಲ್ಲಿ ಕಾಣುವುದರಿಂದ ಈ ಕೃತಿಗೆ ಬೆಲೆ ಬಂದಿದೆ. ಬೆಳ್ಳಿತೆರೆಯು ಎಲ್ಲರಿಗೂ ಒಂದೇ ಕತ್ತಲೆಯನ್ನು ತೋರುವುದು; ಪುಟವಾದರೋ ಓದುಗನಿಂದ ಅವನು ಬೆಳೆದ ಮನೆಯ ಕತ್ತಲೆಯನ್ನೇ ಬೇಡುವುದು. ನಾಲ್ಕು ಸುತ್ತಿನ ಹಳೆಯ ಮನೆಗಳನ್ನು ಕಂಡ ಕರಾವಳಿಯ ಲೇಖಕರು ಈ ಮಾತನ್ನು ಆಲೋಚಿಸುವುದು ಒಳಿತು.