ಪ್ರದರ್ಶನದಲ್ಲಿ ಕಂಡ ನಮ್ಮ ತೋಟದ ಸೀತಾಳೆ

ಕಾಫಿ ಕೊಯ್ಲಿನ ಲೆಕ್ಕಾಚಾರ ಮುಗಿದು, ಹೂಮಳೆಯೂ ಬಿದ್ದು, ಮುಂಗಾರಿಗೆ ಇನ್ನು ಕೆಲವು ವಾರಗಳಿವೆ ಎನ್ನುವಾಗ ಬೆಳೆಗಾರರಿಗೆ ಅಲ್ಪಸ್ವಲ್ಪ ಬಿಡುವು ದೊರೆಯುತ್ತದೆ. ಅಂಥ ಬಿಡುವಿನಲ್ಲಿ ನಾವು ಮನೆಮಂದಿಯೆಲ್ಲ ಬೆಂಗಳೂರಿನಲ್ಲಿ ನಡೆದ ಆರ್ಕಿಡ್ ಹೂಗಳ ಪ್ರದರ್ಶನವೊಂದಕ್ಕೆ ಹೋಗಿದ್ದೆವು. ಹೂಗಳ ಫೋಟೋ ತೆಗೆಯಬೇಕೆಂಬುದು ಮಕ್ಕಳ ಆಸೆ. ಅವರ ಜೊತೆಗೆ ಅಜ್ಜಿಯೂ ಹೊರಟರು. ಅಲ್ಲಿ ಕಂಡದ್ದು ನಮ್ಮ ತೋಟಗಳಿಗೆ ನೇರವಾಗಿ ಸಂಬಂಧಿಸಿದ್ದಾದ್ದರಿಂದ ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ಪ್ರದರ್ಶನದಲ್ಲಿ ದೊಡ್ಡ ಚಿಟ್ಟೆಗಳಂತೆ ಸಾಲಾಗಿ ಅರಳಿದ ಫೆಲನಾಪ್ಸಿಸ್, ಬಣ್ಣಬಣ್ಣದ ಡೆಂಡ್ರೋಬಿಯಂ, ಅಮೆರಿಕ ಖಂಡದ ಕ್ಯಾಟ್ಲಿಯಾ ಮುಂತಾದುವೆಲ್ಲ ಇದ್ದವು. ಇವುಗಳ ನಡುವೆ ಒಂದು ಮರದ ತುಂಡಿಗೆ ಅಂಟಿಕೊಂಡ ಗಿಡದಿಂದ ಬಿಳಿ-ನೇರಳೆ ಹೂಗಳ ಗೊನೆ ನರಿಯ ಬಾಲದಂತೆ ಜೋತುಬಿದ್ದಿತ್ತು. ಚೀಟಿಯಲ್ಲಿ ರಿಂಕೋಸ್ಟೈಲಿಸ್ ರೆಟೂಸಾ ಎಂದು ಬರೆದಿತ್ತು. ಅಜ್ಜಿ ಅದರ ಮುಂದೆ ನಿಂತವರು ಕದಲಲಿಲ್ಲ. "ಇದು ಸೀತಾಳೆ ದಂಡೆ ಅಲ್ವೇನೋ? ನಮ್ಮ ಗೋಣಿಮರದ ತುಂಬ ಇತ್ತಲ್ಲ. ಹೋದ ವರ್ಷ ಮರಗಸಿ ಮಾಡುವಾಗ ಬಂದಳಿಕೆ ಅಂತ ನೀನೇ ಕೀಳಿಸಿ ಹಾಕಿದೆ" ಎಂದರು.

ಮಾತು ನಿಜವಾಗಿತ್ತು. ಬುಟ್ಟಿಗಟ್ಟಲೆ ಗಿಡಗಳನ್ನು ಕೀಳಿಸಿ, ಕಡಿದ ಕೊಂಬೆಗಳೊಡನೆ ಸುಟ್ಟಿದ್ದೆವು. ಮರಕ್ಕೆ ಉಪಕಾರ ಮಾಡಿದೆವೆಂದೇ ಆಗ ನಮ್ಮ ನಂಬಿಕೆ.

ಬಂದಳಿಕೆ ಬೇರೆ, ಸೀತಾಳೆ ಬೇರೆ

ಬಂದಳಿಕೆಯ ಬೀಜವನ್ನು ಹಕ್ಕಿಗಳು ಕೊಂಬೆಗೆ ಅಂಟಿಸುತ್ತವೆ. ಅದು ಮೊಳೆತು ತೊಗಟೆಯನ್ನು ಸೀಳಿ ಒಳಹೊಕ್ಕು ಮರದ ನೀರನ್ನೂ ಲವಣಗಳನ್ನೂ ಹೀರುತ್ತದೆ. ಸೇರಿದ ಜಾಗದಲ್ಲಿ ಕೊಂಬೆ ಗಂಟುಗಟ್ಟಿ ಉಬ್ಬಿರುತ್ತದೆ. ಇದು ನಿಜಕ್ಕೂ ಮರದ ಶತ್ರು. ಉಬ್ಬಿದ ಭಾಗವೂ ಸೇರುವಂತೆ ಕೊಂಬೆಯನ್ನು ಕಡಿದು ತೆಗೆಯಬೇಕು.

ಸೀತಾಳೆಯ ಬೇರು ತೊಗಟೆಯ ಮೇಲಷ್ಟೇ ಅಂಟಿಕೊಂಡಿರುತ್ತದೆ, ಒಳಗೆ ಇಳಿಯುವುದಿಲ್ಲ. ಬೇರಿನ ಹೊರಗೆ ಸ್ಪಂಜಿನಂಥ ಪದರವಿದ್ದು, ಮಳೆ ಮತ್ತು ಮಂಜಿನ ನೀರನ್ನೂ ತೊಗಟೆಯ ಮೇಲೆ ಹರಿದುಬರುವ ಸಾರವನ್ನೂ ಅದು ಹೀರಿಕೊಳ್ಳುತ್ತದೆ. ಒಣಗಿದಾಗ ಬೂದುಬಿಳಿ, ನೆನೆದಾಗ ಹಸಿರು. ಮರ ಅದಕ್ಕೆ ನಿಲ್ಲಲು ಜಾಗ ಕೊಡುತ್ತದೆಯೇ ಹೊರತು ಊಟ ಕೊಡುವುದಿಲ್ಲ. ಪರೀಕ್ಷೆ ಸುಲಭ: ಬೇರು ತೊಗಟೆಯ ಮೇಲೆ ಹುರಿಯಂತೆ ಹರಿದಿದ್ದರೆ ಸೀತಾಳೆ ಜಾತಿ, ಬುಡದಲ್ಲಿ ಕೊಂಬೆ ಉಬ್ಬಿ, ಗಿಡ ಕೊಂಬೆಯೊಳಗಿಂದಲೇ ಹೊರಟಂತೆ ಕಂಡರೆ ಬಂದಳಿಕೆ.

ಕಳೆದುಕೊಂಡರೆ ಬೇಗ ಬರುವುದಿಲ್ಲ

ಆರ್ಕಿಡಿನ ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜಗಳಿರಬಹುದು. ಆದರೆ ಅವು ಧೂಳಿನಷ್ಟು ಸಣ್ಣವು. ಭತ್ತದ ಕಾಳಿನಲ್ಲಿರುವಂತೆ ಮೊಳಕೆಗೆ ಬೇಕಾದ ಆಹಾರ ಅವುಗಳಲ್ಲಿ ಇರುವುದಿಲ್ಲ. ತೊಗಟೆಯ ಮೇಲೆ ತಕ್ಕ ಶಿಲೀಂಧ್ರ ಜೊತೆಗೂಡಿ ಆಹಾರ ಒದಗಿಸಿದರೆ ಮಾತ್ರ ಮೊಳೆಯುತ್ತವೆ. ಅಮೆರಿಕದ ಲೂಯಿಸ್ ನಡ್ಸನ್ ಎಂಬ ವಿಜ್ಞಾನಿ 1922ರಲ್ಲಿ ಶಿಲೀಂಧ್ರದ ನೆರವಿಲ್ಲದೆ, ಸಕ್ಕರೆ ಬೆರೆಸಿದ ಅಗರ್ ಮೇಲೆ ಬೀಜ ಮೊಳೆಯಿಸುವ ಕ್ರಮವನ್ನು ಪ್ರಕಟಿಸಿದರು. ಇಂದು ಗಾಜಿನ ಸೀಸೆಗಳಲ್ಲಿ ಸಸಿಗಳು ಬೆಳೆಯುತ್ತಿರುವುದು ಇಂಥ ಕ್ರಮಗಳಿಂದ. ತೋಟದ ಮರದ ಮೇಲಾದರೋ ಬೀಜದಿಂದ ಹೂವಿನವರೆಗೆ ಹಲವು ವರ್ಷಗಳು ಬೇಕು. ನಾವು ಒಂದೇ ಮಧ್ಯಾಹ್ನದಲ್ಲಿ ಸುಟ್ಟದ್ದು ಎಷ್ಟು ವರ್ಷಗಳ ಬೆಳವಣಿಗೆಯೆಂಬುದು ಇದರಿಂದ ತಿಳಿಯುತ್ತದೆ.

ಇದೇ ಹೂವು ಅಸ್ಸಾಮಿನ ರಾಜ್ಯಪುಷ್ಪ. ಅಲ್ಲಿ ಅದನ್ನು ಕಪೌ ಫುಲ್ ಎನ್ನುತ್ತಾರೆ. ಬಿಹು ಹಬ್ಬದ ಕುಣಿತದಲ್ಲಿ ಹೆಣ್ಣುಮಕ್ಕಳು ಮುಡಿಗೆ ಏರಿಸುತ್ತಾರೆ.

ವೆನಿಲ್ಲಾ ನೆನಪು

ಆರ್ಕಿಡ್ ಎಂದರೆ ನಮಗೆ ದೂರದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ಅಡಿಕೆ ತೋಟಗಳಲ್ಲಿ ನಮ್ಮಲ್ಲಿ ಅನೇಕರು ಹಬ್ಬಿಸಿದ ವೆನಿಲ್ಲಾ ಕೂಡ ಆರ್ಕಿಡ್ ಬಳ್ಳಿಯೇ. 2003ರ ಸುಮಾರಿಗೆ ಅದರ ಬೆಲೆ ಆಕಾಶಕ್ಕೇರಿದ್ದು, ಆಮೇಲೆ ನೆಲಕಚ್ಚಿದ್ದು ಯಾರೂ ಮರೆತಿಲ್ಲ. ಬೆಳಗಿನ ಹೊತ್ತು ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗಸ್ಪರ್ಶ ಮಾಡಿದವರಿಗೆ ಆರ್ಕಿಡ್ ಹೂವಿನ ರಚನೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಕೈಚಳಕವನ್ನು 1841ರಲ್ಲಿ ಕಂಡುಕೊಂಡವನು ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ ಎಡ್ಮಂಡ್ ಆಲ್ಬಿಯಸ್.

ಆ ರಚನೆ ಹೀಗೆ: ಹೊರಗೆ ಮೂರು ದಳ, ಒಳಗೆ ಮೂರು. ಒಳಗಿನ ಮೂರರಲ್ಲಿ ಒಂದು ಆಕಾರ ಬದಲಿಸಿ ತುಟಿಯಂತಾಗಿರುತ್ತದೆ. ಕೀಟ ಬಂದಿಳಿಯುವ ಜಗಲಿ ಅದು. ಗಂಡು ಹೆಣ್ಣು ಭಾಗಗಳೆರಡೂ ಕೂಡಿ ನಡುವೆ ಒಂದೇ ಕಂಬವಾಗಿರುತ್ತವೆ.

ಫೋಟೋ ತೆಗೆಯುವ ಬಗೆ

ಮಕ್ಕಳು ಮೊದಲು ತೆಗೆದ ಚಿತ್ರಗಳೆಲ್ಲ ಕೆಟ್ಟವು. ಆಮೇಲೆ ಅನುಭವದಿಂದ ಕಲಿತದ್ದು ಇಷ್ಟು. ಕ್ಯಾಮೆರಾ ಆಗಲಿ, ಮೊಬೈಲ್ ಆಗಲಿ, ಮೊದಲು ಗಾಜನ್ನು ಒರೆಸಿಕೊಳ್ಳಬೇಕು. ಹೆಸರಿನ ಚೀಟಿಯ ಚಿತ್ರ ಮೊದಲು, ಹೂವಿನದು ಅನಂತರ. ಇಲ್ಲವಾದರೆ ಮನೆಗೆ ಬಂದ ಮೇಲೆ ಯಾವುದು ಯಾವುದೆಂದು ತಿಳಿಯದು. ಫ್ಲ್ಯಾಷ್ ಹಾಕಿದರೆ ಬಿಳಿ ಹೂವಿನ ಗೆರೆಗಳು ಅಳಿಸಿಹೋಗುತ್ತವೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ನಿಲ್ಲುವುದೇ ಒಳ್ಳೆಯದು. ಹೂವಿನ ಎತ್ತರಕ್ಕೆ ಬಗ್ಗಿ ತುಟಿಯ ಮೇಲೆ ಫೋಕಸ್ ಇಡಬೇಕು. ಹಿಂದೆ ಜನರ ಓಡಾಟ ಇದ್ದರೆ ಕಪ್ಪು ಬಟ್ಟೆ ಹಿಡಿಯಬಹುದು. ನಮಗೆ ಅಜ್ಜಿಯ ಶಾಲು ಒದಗಿತು. ಹೂವನ್ನು ಮಾತ್ರ ಮುಟ್ಟಲೇಬಾರದು. ಫೆಲನಾಪ್ಸಿಸ್‌ನಂಥ ಹೂವು ವಾರಗಟ್ಟಲೆ ಬಾಳುವಂಥದು, ಪರಾಗಸ್ಪರ್ಶವಾಯಿತೆಂದರೆ ಬೇಗನೆ ಬಾಡುತ್ತದೆ.

ಸದಸ್ಯರಲ್ಲಿ ಅರಿಕೆ

ಮುಂಗಾರಿಗೆ ಮುನ್ನ ಮರಗಸಿ ಮಾಡಿಸುವ ಕಾಲಕ್ಕೂ ಸೀತಾಳೆ ಹೂಬಿಡುವ ಕಾಲಕ್ಕೂ ಹೆಚ್ಚು ಅಂತರವಿಲ್ಲ. ಕೊಂಬೆ ಕಡಿಯಲೇಬೇಕಾದರೆ ಗಿಡವನ್ನು ಎಸೆಯದೆ, ಬೇರು ಹರಿಯದಂತೆ ತೊಗಟೆಯ ಚೂರಿನೊಡನೆ ಬಿಡಿಸಿ, ಅಷ್ಟೇ ಬೆಳಕು ಬೀಳುವ ಬೇರೊಂದು ಒರಟು ತೊಗಟೆಯ ಮರಕ್ಕೆ ಹತ್ತಿಯ ದಾರದಿಂದಲೋ ತೆಂಗಿನ ನಾರಿನಿಂದಲೋ ಕಟ್ಟಬೇಕು. ಬೇರಿಗೆ ಮಣ್ಣು ಮೆತ್ತಬಾರದು, ಗಾಳಿಯಾಡದೆ ಕೊಳೆಯುತ್ತದೆ. ಮಳೆಗಾಲದಲ್ಲಿ ಹೊಸ ಬೇರು ಹೊರಟು ಮರವನ್ನು ಹಿಡಿದುಕೊಳ್ಳುತ್ತದೆ. ಕಾಡಿನಿಂದ ಕಿತ್ತು ತಂದು ಮಾರುವವರಿಂದ ಗಿಡ ಕೊಳ್ಳುವುದು ಬೇಡ. ಆರ್ಕಿಡ್ ಕುಟುಂಬ ಪೂರ್ತಿಯಾಗಿ, 1975ರಲ್ಲಿ ಜಾರಿಗೆ ಬಂದ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿ ಸೇರಿದೆ.

ಪ್ರದರ್ಶನದಿಂದ ಬಂದ ಮರುದಿನವೇ ಗೋಣಿಮರದ ಬಳಿಗೆ ಹೋಗಿ ನೋಡಿದೆವು. ಆಳುಗಳ ಕೈಗೆ ಎಟುಕದ ಒಂದು ಕವಲಿನಲ್ಲಿ ಎರಡು ಗಿಡ ಉಳಿದಿದ್ದವು. ಒಂದರಲ್ಲಿ ಗೊನೆ ಇಳಿಬಿದ್ದಿತ್ತು. ಮಕ್ಕಳು ಫೋಟೋ ತೆಗೆದರು. ಈ ವರ್ಷ ಮರ ಹತ್ತುವವರಿಗೆ ಯಾವುದನ್ನು ಕಡಿಯಬೇಕು, ಯಾವುದನ್ನು ಬಿಡಬೇಕು ಎಂದು ಆ ಚಿತ್ರವನ್ನೇ ತೋರಿಸಿ ಹೇಳುತ್ತಿದ್ದೇವೆ.