ಖಾರವಿಲ್ಲದ ಖಾರದ ಪುಡಿಯ ನಾಡಿಗೆ

ಪ್ರವಾಸ ಕಂಪನಿಗಳ 'ಪೂರ್ವ ಯುರೋಪ್' ಪಟ್ಟಿಯಲ್ಲಿ ಹಂಗೇರಿಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ದಿನ. ಪ್ರಾಗ್, ವಿಯೆನ್ನಾ ಮುಗಿಸಿದ ಬಸ್ಸು ಬುಡಾಪೆಸ್ಟಿಗೆ ಬರುತ್ತದೆ. ಡ್ಯಾನ್ಯೂಬ್ ನದಿಯಲ್ಲಿ ರಾತ್ರಿ ದೋಣಿ, ದೀಪ ಹಚ್ಚಿದ ಸಂಸತ್ ಭವನ, ಬೆಳಿಗ್ಗೆದ್ದು ಬೂಡಾ ಕೋಟೆ, ಮಧ್ಯಾಹ್ನ ವಿಮಾನ. ಗಜೇಂದ್ರಗಡ ಸೀಮೆಯ ಮುಶಿಗೇರಿಯಂಥ ಎರಿ ಹೊಲದ ಊರಿನಿಂದ ಯಾರಾದರೂ ಹೊರಟಿದ್ದರೆ ನಾನು ಹೇಳುವುದು ಬೇರೆ. ಮಕ್ಕಳು ಜರ್ಮನಿಯಲ್ಲೋ ಲಂಡನ್ನಿನಲ್ಲೋ ಇರುವ ಮನೆಗಳು ಈಗ ಈ ಕಡೆಯೂ ಇವೆ, ಹೊರಡುವವರು ಇದ್ದೇ ಇರುತ್ತಾರೆ. ಹೋಗುವುದಾದರೆ ಸೆಪ್ಟೆಂಬರಿನಲ್ಲಿ ಹೋಗಿ, ಬುಡಾಪೆಸ್ಟಿಗೆ ಎರಡು ದಿನ ಕೊಟ್ಟು ದಕ್ಷಿಣಕ್ಕಿಳಿದು ಸೆಗೆಡ್ ಮತ್ತು ಕಲೋಚಾ ಸೇರಿಕೊಳ್ಳಿ. ಅಲ್ಲಿನ ಹೊಲಗಳಲ್ಲಿ ಪಪ್ರಿಕಾ ಕೆಂಪಾಗುವ ಕಾಲ ಅದು.

ಪಪ್ರಿಕಾ ಎಂದರೆ ಮೆಣಸಿನಕಾಯಿಯೇ. ನಮ್ಮದಕ್ಕೂ ಅವರದಕ್ಕೂ ಮೂಲ ಅಮೆರಿಕ ಖಂಡ. ನಮಗೆ ಗೋವೆಯ ಪೋರ್ಚುಗೀಸರ ಕೈಯಿಂದ ಬಂತು, ಅವರಿಗೆ ತುರ್ಕರ ಕಾಲದಲ್ಲಿ. ಬೂಡಾ ನಗರ 1541ರಿಂದ 1686ರವರೆಗೆ ಆಟೊಮನ್ನರ ವಶದಲ್ಲಿತ್ತು. ಬುಡಾಪೆಸ್ಟಿನ ಗುಡ್ಡವೊಂದರ ಮೇಲೆ ಗುಲ್ ಬಾಬಾ ಎಂಬ ದರವೇಶಿಯ ಗೋರಿ ಇಂದಿಗೂ ಇದೆ, ಸುತ್ತ ಗುಲಾಬಿ ತೋಟ. ಊರೂರಿಗೆ ದರ್ಗಾ ಕಂಡು ಬೆಳೆದ ನಮ್ಮವರು ಇದನ್ನು ತಪ್ಪಿಸಿಕೊಳ್ಳಬಾರದು. ಮೊದಮೊದಲು ಬಡ ರೈತರೂ ದನಗಾಹಿಗಳೂ ತಿನ್ನುತ್ತಿದ್ದ ಈ ಕೆಂಪು ಪುಡಿ ಮುಂದೆ ಶ್ರೀಮಂತರ ಮೇಜಿಗೂ ಏರಿತು. ಆದರೆ ಖಾರ ಅವರಿಗೆ ಆಗಿಬರಲಿಲ್ಲ, ಬೇಕಾಗಿದ್ದುದು ಬಣ್ಣ ಮತ್ತು ವಾಸನೆ.

ಹಾಗಾಗಿ ಖಾರ ತೆಗೆಯುವುದೇ ಅಲ್ಲಿ ಒಂದು ಕಸುಬಾಯಿತು. ಮೆಣಸಿನಕಾಯಿಯ ಖಾರ ಇರುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ನಾರಿನಲ್ಲಿ. ಸೆಗೆಡ್‌ನ ಹೆಣ್ಣುಮಕ್ಕಳು ಒಂದೊಂದೇ ಕಾಯಿ ಸೀಳಿ, ಆ ನಾರು ಕಿತ್ತು ಹಾಕುತ್ತಿದ್ದರು. 1859ರಲ್ಲಿ ಅದೇ ಊರಿನ ಪಾಲ್ಫಿ ಸಹೋದರರು ಬೀಜವನ್ನೂ ನಾರನ್ನೂ ಬೇರೆ ಮಾಡುವ ವಿಧಾನ ಕಂಡುಹಿಡಿದರು. 1920ರ ದಶಕದಲ್ಲಿ ಕಲೋಚಾದ ತಳಿತಜ್ಞ ಫೆರೆನ್ಸ್ ಹೋರ್ವಾತ್ ಖಾರವೇ ಇಲ್ಲದ ತಳಿ ಬೆಳೆಸಿದರು. ಇದನ್ನು ನಮ್ಮ ಹಿರಿಯರ ಮುಂದೆ ಹೇಳಿ ನೋಡಿ: "ಖಾರ ಇಲ್ಲದ ಖಾರಪುಡಿಗೆ ಇಷ್ಟ ರೊಕ್ಕ ಯಾಕ ಕೊಡ್ತಾರಪ್ಪ ಅವ್ರು?" ಎಂದಾರು. ಹಾಗೆಂದವರ ಹೊಲದಲ್ಲೇ ಬ್ಯಾಡಗಿ ತಳಿ ನಿಂತಿರುತ್ತದೆ! ಮೈತುಂಬ ಸುಕ್ಕು, ಕಡುಗೆಂಪು ಬಣ್ಣ, ಅಳತೆಯ ಖಾರ. ಅಲ್ಲಿ ಯಂತ್ರ ಮತ್ತು ಪ್ರಯೋಗಾಲಯದಿಂದ ಆದದ್ದನ್ನು ಇಲ್ಲಿ ರೈತರು ಬೀಜ ಆರಿಸಿ ಆರಿಸಿಯೇ ಸಾಧಿಸಿದ್ದಾರೆ.

ನನಗೆ ಹಂಗೇರಿಯ ಹುಚ್ಚು ಹಿಡಿಸಿದ್ದು ಕೋಟೆಯಲ್ಲ, ನದಿಯಲ್ಲ, ಒಬ್ಬ ವಿಜ್ಞಾನಿ ತಿನ್ನದೆ ಬಿಟ್ಟ ಊಟ. ಆಲ್ಬರ್ಟ್ ಸೆಂಟ್ ಜ್ಯೋರ್ಜಿ ಹುಟ್ಟಿದ್ದು 1893ರಲ್ಲಿ, ಬುಡಾಪೆಸ್ಟಿನಲ್ಲಿ. ಕೇಂಬ್ರಿಜ್‌ನಲ್ಲಿ ಕಲಿತು ಬಂದು ಸೆಗೆಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಪ್ರಾಣಿಗಳ ಅಡ್ರಿನಲ್ ಗ್ರಂಥಿಯಿಂದ ಒಂದು ವಿಚಿತ್ರ ಆಮ್ಲವನ್ನು ಅವರು ಮೊದಲೇ ಬೇರ್ಪಡಿಸಿದ್ದರು. ಹಡಗಿನವರ ಒಸಡು ಕೊಳೆಸುವ ಸ್ಕರ್ವಿ ರೋಗವನ್ನು ತಡೆಯುವ ಸಿ ಜೀವಸತ್ವ ಅದೇ ಎಂದು 1932ರ ಹೊತ್ತಿಗೆ ಖಚಿತವಾಯಿತು. ತೊಂದರೆ ಇದ್ದದ್ದು ಪದಾರ್ಥದ್ದು. ಗ್ರಂಥಿಗಳು ಬೇಕಾದಷ್ಟು ಸಿಗುವುದಿಲ್ಲ, ಕಿತ್ತಳೆಯಲ್ಲಿ ಸಕ್ಕರೆ ಅಡ್ಡ ಬರುತ್ತದೆ. ಒಂದು ರಾತ್ರಿ ಹೆಂಡತಿ ಊಟಕ್ಕೆ ಹಸಿ ಪಪ್ರಿಕಾ ಬಡಿಸಿದರು. ಅವರಿಗೆ ಅದು ಬೇಡವಾಗಿತ್ತು. ಬೇಡ ಎಂದು ನೇರವಾಗಿ ಹೇಳುವ ಧೈರ್ಯ ಸಾಲದೆ, ಇದನ್ನು ಇನ್ನೂ ಪರೀಕ್ಷೆ ಮಾಡಿಲ್ಲ ಎಂದು ನೆವ ಹೇಳಿ ಪ್ರಯೋಗಾಲಯಕ್ಕೆ ಒಯ್ದರು. ನಡುರಾತ್ರಿಯ ಹೊತ್ತಿಗೆ ಗೊತ್ತಾಯಿತು, ಅದರಲ್ಲಿ ಆ ಜೀವಸತ್ವ ಅಪಾರವಾಗಿದೆ. ಅವರೇ ಮುಂದೆ ಹೇಳಿಕೊಂಡ ಕಥೆ ಇದು. ತುಸು ಉಪ್ಪು ಖಾರ ಹಚ್ಚಿಯೇ ಹೇಳಿರಬಹುದು, ಇರಲಿ. ಗ್ರಾಂ ಲೆಕ್ಕದಲ್ಲೂ ಸಿಗದಿದ್ದ ವಸ್ತು ಕೆಲವೇ ವಾರಗಳಲ್ಲಿ ಕಿಲೋ ಲೆಕ್ಕದಲ್ಲಿ ಕೈಗೆ ಬಂತು. 1937ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

ಆ ಪದಕದ್ದೇ ಇನ್ನೊಂದು ಕಥೆ. ಸೋವಿಯತ್ ಒಕ್ಕೂಟ ಫಿನ್ಲೆಂಡಿನ ಮೇಲೆ ಯುದ್ಧಕ್ಕೆ ಹೋದಾಗ ಅವರು ಚಿನ್ನದ ಪದಕವನ್ನು ಫಿನ್ಲೆಂಡಿನ ನೆರವಿಗೆ ದಾನ ಕೊಟ್ಟುಬಿಟ್ಟರು. ಅಲ್ಲಿನ ಉದ್ಯಮಿಯೊಬ್ಬರು ಅದನ್ನು ಕರಗಿಸಲು ಬಿಡದೆ ಕೊಂಡು, ಹಂಗೇರಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಮರಳಿಸಿದರು. ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ನಾಜಿಗಳಿಗೆ ಸಿಗದಂತೆ ತಲೆಮರೆಸಿಕೊಂಡಿದ್ದ ಈ ಮನುಷ್ಯ 1947ರಲ್ಲಿ ಅಮೆರಿಕಕ್ಕೆ ಹೋದವರು 1986ರಲ್ಲಿ ಅಲ್ಲೇ ತೀರಿಕೊಂಡರು.

ಇನ್ನು ತಯಾರಿಯ ಮಾತು. ಹಂಗೇರಿ ಷೆಂಗೆನ್ ವ್ಯವಸ್ಥೆಯೊಳಗಿದೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ವೀಸಾಕ್ಕೆ ಅರ್ಜಿ ಹಾಕಬಹುದು, 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ನಾಣ್ಯ ಮಾತ್ರ ಯೂರೊ ಅಲ್ಲ, ಫೋರಿಂಟ್. ಚೀಲ ಕಟ್ಟುವಾಗ ಒಂದು ಎಚ್ಚರ: ಹೊರದೇಶದಿಂದ ಹಾಲಿನ ಪದಾರ್ಥ ತರುವಂತಿಲ್ಲ, ಆದ್ದರಿಂದ ಧಾರವಾಡ ಪೇಡೆ, ತುಪ್ಪ ಮನೆಯಲ್ಲೇ ಉಳಿಯಲಿ. ಕಟಿರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಳ್ಳಿ, ಬೇಕಾಗುತ್ತದೆ. ಗುಲಾಶ್ ದನಗಾಹಿಗಳ ಮಾಂಸದ ಅಡುಗೆ, ಸೆಗೆಡ್‌ನ ಹೆಸರಾಂತ ಸಾರು ಮೀನಿನದು. ಸಸ್ಯಾಹಾರಿಗಳಿಗೆ ಎಣ್ಣೆಯಲ್ಲಿ ಕರಿದ ಲಾಂಗೋಶ್ ಉಂಟು, ಮೇಲೆ ಬೆಳ್ಳುಳ್ಳಿ, ಚೀಸ್ ಹಾಕುತ್ತಾರೆ. ಅಂಗಡಿಯಲ್ಲಿ 'ಎರೋಶ್ ಪಿಶ್ತಾ' ಎಂಬ ಶೀಶೆ ಕಂಡರೆ ಬಿಡಬೇಡಿ. ಕೆಂಪು ಕಾಯಿ ಉಪ್ಪು ಹಾಕಿ ಅರೆದದ್ದು, ನಮ್ಮ ರಂಜಕದ ದಾಯಾದಿ.

ಬುಡಾಪೆಸ್ಟಿನಲ್ಲಿ 1897ರ ದೊಡ್ಡ ಮಾರುಕಟ್ಟೆ ಕಟ್ಟಡ, 1913ರ ಸೇಚೆನಿ ಬಿಸಿನೀರ ಸ್ನಾನಗೃಹ ಇವೆರಡೂ ಸಾಕು. ಬಾಲಟನ್ ಸರೋವರದ ದಂಡೆಯಲ್ಲಿ, ಹೃದಯ ಚಿಕಿತ್ಸೆಗೆ ಹೋಗಿದ್ದ ರವೀಂದ್ರನಾಥ ಟಾಗೋರರು 1926ರಲ್ಲಿ ಗಿಡ ನೆಟ್ಟ ಜಾಗವಿದೆ. ದಿನ ಮಿಕ್ಕರೆ ನೋಡಿ. ಸೆಗೆಡ್‌ಗೆ ರೈಲುಂಟು. 1879ರ ತಿಸಾ ನದಿಯ ಮಹಾಪೂರದಲ್ಲಿ ಬಹುಪಾಲು ಕೊಚ್ಚಿಹೋಗಿ ಮತ್ತೆ ಕಟ್ಟಿದ ಊರು ಅದು. ಪಪ್ರಿಕಾದ ಕಥೆ ಹೇಳುವ ವಸ್ತುಸಂಗ್ರಹಾಲಯವೊಂದು ಅಲ್ಲಿ ಇದೆ. ಕಲೋಚಾದಲ್ಲೂ ಇದೆ. ಕಲೋಚಾದ ಹೆಂಗಸರು ಬಣ್ಣಬಣ್ಣದ ಹೂವುಗಳನ್ನು ಬಟ್ಟೆಯ ಮೇಲೆ ಹೆಣೆಯುತ್ತಾರೆ, ಗೋಡೆಯ ಮೇಲೂ ಬರೆಯುತ್ತಾರೆ. ಎಳೆ ಎಣಿಸಿ ಗೋಪುರ, ತೇರು ಹೊಲಿಯುವ ನಮ್ಮ ಕಸೂತಿಯವರಿಗೆ ಈ ಹೂಗಳ ಸ್ವಚ್ಛಂದ ಕಂಡರೆ ಸೋಜಿಗವಾದೀತು.

ಕಿತ್ತ ಕಾಯನ್ನು ಅವರು ಕೂಡಲೇ ಒಣಗಿಸುವುದಿಲ್ಲ. ಸರ ಪೋಣಿಸಿ ಮನೆಯ ಸೂರಿಗೆ ವಾರಗಟ್ಟಲೆ ತೂಗುಬಿಡುವುದು ರೂಢಿ, ಬಣ್ಣ ಏರುವುದೇ ಆಗ. ಆಮೇಲೆ ಒಣಗಿಸಿ ಕಲ್ಲಿನಲ್ಲಿ ಬೀಸುತ್ತಾರೆ, ಬೀಜದ ಎಣ್ಣೆ ಬಿಟ್ಟುಕೊಂಡು ಪುಡಿಗೆ ಹೊಳಪು ಬರುತ್ತದೆ. ನಮ್ಮಲ್ಲಿ ಕಣದ ನೆಲವೇ ಸೂರು. ತೊಟ್ಟು ಬಿಡಿಸುವುದು ಮಾತ್ರ ಇಲ್ಲಿಯೂ ಹೆಣ್ಣುಮಕ್ಕಳ ಕೈಕೆಲಸವೇ; ಬ್ಯಾಡಗಿಯ ಗೋದಾಮುಗಳಲ್ಲಿ ಘಾಟಿಗೆ ಸೆರಗು ಮೂಗಿಗೆ ಕಟ್ಟಿ ಕೂತ ಹೆಂಗಸರ ಸಾಲು ನೋಡಿದವರಿಗೆ ಸೆಗೆಡ್‌ನ ಹಳೆಯ ಫೋಟೊಗಳು ಹೊಸತೆನಿಸುವುದಿಲ್ಲ.

ಕೊಳ್ಳುವಾಗ ಡಬ್ಬಿಯ ಮೇಲೆ ಕೆಂಪು-ಹಳದಿಯ ದುಂಡು ಮುದ್ರೆ ಇದೆಯೇ ನೋಡಿ. ಅಲ್ಲೇ ಬೆಳೆದು ಅಲ್ಲೇ ಬೀಸಿದ್ದು ಎಂಬುದಕ್ಕೆ ಯುರೋಪಿನ ಒಕ್ಕೂಟ ಕೊಡುವ ಗುರುತು ಅದು. ಇಷ್ಟು ಅನುಮಾನ ಏಕೆಂದರೆ, 2004ರಲ್ಲಿ ಹೊರದೇಶದಿಂದ ತರಿಸಿ ಬೆರೆಸಿದ ಪುಡಿಯಲ್ಲಿ ಬೂಷ್ಟಿನ ವಿಷ ಸಿಕ್ಕಿ, ಹಂಗೇರಿಯಲ್ಲೇ ಪಪ್ರಿಕಾ ಮಾರಾಟ ನಿಲ್ಲಿಸಬೇಕಾಗಿ ಬಂತು. ಬ್ಯಾಡಗಿ ಮೆಣಸಿನಕಾಯಿಗೂ 2011ರಿಂದ ಭೌಗೋಳಿಕ ಗುರುತಿದೆ. ಆದರೂ ಬ್ಯಾಡಗಿ ಊರಿನ ಮಾರುಕಟ್ಟೆಗೇ ಆಂಧ್ರದ ಹೈಬ್ರಿಡ್ ಕಾಯಿಗಳ ಲಾರಿ ಸಾಲುಗಟ್ಟುತ್ತವೆ, ಮಳೆಯನ್ನೇ ನಂಬಿ ಬೆಳೆದವರ ಚೀಲ ಅವುಗಳ ಜೊತೆ ತೂಗಬೇಕು. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದಾಗ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ವಾಹನಗಳಿಗೆ ಬೆಂಕಿ ಇಟ್ಟದ್ದು ಸುದ್ದಿಯಾಯಿತು. ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಸೇರಿಸಿ ಬೆಳೆಯುತ್ತಿದ್ದ ಈ ಸೀಮೆಯ ಹಳೆಯ ಜಾಣತನ ಸುದ್ದಿಯಾಗಲಿಲ್ಲ.

ಸೆಗೆಡ್‌ನ ರೈತರೊಬ್ಬರಿಗೆ ನಮ್ಮದನ್ನು ನೋಡುವ ಮನಸ್ಸಾಯಿತು ಅನ್ನಿ. ಜನವರಿಯಲ್ಲಿ ಬರಬೇಕು. ಗದಗದಲ್ಲಿ ರೈಲಿಳಿದು ಗಜೇಂದ್ರಗಡದ ಬಸ್ಸು ಹಿಡಿದು ಮುಶಿಗೇರಿ ಕಡೆಯ ಕಣಗಳನ್ನು ನೋಡಿಕೊಂಡು, ಸೋಮವಾರವೋ ಗುರುವಾರವೋ ಬ್ಯಾಡಗಿಯ ಹರಾಜಿಗೆ ಹೋಗಬಹುದು. ಟಿಕೆಟ್ಟಿನ ಕಿಟಕಿ ಎಲ್ಲೂ ಇಲ್ಲ. ವಿವರಿಸಿ ಹೇಳುವವರು ಹೊಲದಲ್ಲೇ ಸಿಗಬೇಕು, ಅವರಿಗೆ ಆ ಹೊತ್ತು ಪುರುಸೊತ್ತಿದ್ದರೆ.