ಮೂಡಲಪಾಳ್ಯ: ಹೊಲಗದ್ದೆಗಳ ಕಾಲದ ಒಂದು ನಕ್ಷೆ

ಬೆಂಗಳೂರಿನ ಮೂಡಲಪಾಳ್ಯದ ಪೂರ್ವಕ್ಕೆ ವಿಜಯನಗರ, ಪಶ್ಚಿಮಕ್ಕೆ ನಾಗರಭಾವಿ, ಉತ್ತರಕ್ಕೆ ಮಾಗಡಿ ರಸ್ತೆ. ನಡುವೆ ಒತ್ತೊತ್ತಾಗಿ ಮನೆ, ಅಂಗಡಿ. ಇಲ್ಲಿನ ನೆಲದ ಏರುತಗ್ಗು ತಿಳಿಯಬೇಕೆಂದರೆ ಸರ್ವೆ ಆಫ್ ಇಂಡಿಯಾದ 57 ಎಚ್/9 ಟೋಪೋಶೀಟ್ ಬಿಡಿಸಬೇಕು.

ಕಳೆದ ಶತಮಾನದ ನಡುವಿನ ಆ ಸರಣಿಯಲ್ಲಿ ಮೈಲಿಗೆ ಒಂದು ಇಂಚು. ಆ ಲೆಕ್ಕದಲ್ಲಿ ಮೂಡಲಪಾಳ್ಯದ ಜಾಗ ಹಾಳೆಯ ಎಡಮೇಲಿನ ಮೂಲೆಗೆ ಬೀಳುತ್ತದೆ; ಎಡ ಅಂಚಿನಿಂದ ಸುಮಾರು ಒಂದೂವರೆ ಇಂಚು, ಮೇಲಂಚಿನಿಂದ ಎರಡು. ಅಲ್ಲಿಂದ ಮೆಜೆಸ್ಟಿಕ್ ಮೂರು ಇಂಚು ಚಿಲ್ಲರೆ. ನಗರ ಸುಧಾರಣಾ ಮಂಡಳಿ ಹುಟ್ಟಿದ್ದು 1945ರಲ್ಲಿ, ರಾಜಾಜಿನಗರಕ್ಕೆ ಚಾಲನೆ ಸಿಕ್ಕಿದ್ದು 1949ರಲ್ಲಿ. ಬಡಾವಣೆಗಳು ಪಶ್ಚಿಮಕ್ಕೆ ಹೊರಟ ಆ ಹೊತ್ತಿನಲ್ಲೂ ಇತ್ತ ಕಡೆ ಬೇಸಾಯದ ಹಳ್ಳಿಗಳೇ. ಮಳೆ ನಂಬಿದ ಹೊಲದಲ್ಲಿ ರಾಗಿ, ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಕೆರೆಯ ಅಚ್ಚುಕಟ್ಟಿನಲ್ಲಿ ಭತ್ತ.

ಬೆಳೆಯ ಹೆಸರು ನಕ್ಷೆ ಹೇಳುವುದಿಲ್ಲ. ಸಾಗುವಳಿ ನೆಲಕ್ಕೆಲ್ಲ ಹಳದಿ ಬಳಿದು ಸುಮ್ಮನಾಗುತ್ತದೆ. ಸರ್ವೆ ನಂಬರು, ಹಿಡುವಳಿದಾರರ ಗಡಿಯೂ ಅದರಲ್ಲಿಲ್ಲ. ಅವಕ್ಕೆ ಕಂದಾಯ ಇಲಾಖೆಯ ಗ್ರಾಮ ನಕ್ಷೆಯೇ ಆಗಬೇಕು. ಆದರೆ ನೀರಿನ ವಿಷಯದಲ್ಲಿ ಟೋಪೋಶೀಟಿನಷ್ಟು ನಿಷ್ಠೆಯ ದಾಖಲೆ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ತುಂಬಿದ ನೀರಿಗೆ ನೀಲಿ. ವರ್ಷದ ಬಹುಪಾಲು ಒಣಗಿರುವ ಹಳ್ಳಕ್ಕೆ ಕಪ್ಪು ಗೆರೆ. ಕೆರೆ ಏರಿಯ ಪಕ್ಕದಲ್ಲಿ ಒಂದು ಅಂಕಿ, ಅದಕ್ಕಂಟಿಕೊಂಡ ಪುಟ್ಟ ‘ಆರ್’ ಅಕ್ಷರ: ಸುತ್ತಲ ನೆಲಕ್ಕಿಂತ ಏರಿ ಎಷ್ಟು ಎತ್ತರವಿದೆ ಎಂಬ ಲೆಕ್ಕ ಅದು. ಸರಪಳಿ, ಸಮತಲ ಮೇಜು ಹೊತ್ತು ಬಿಸಿಲಲ್ಲಿ ನಡೆದ ಸರ್ವೆಯವರು ಇಷ್ಟು ಸಣ್ಣದನ್ನೂ ಬಿಟ್ಟಿಲ್ಲ.

ಕಂದು ಬಣ್ಣದ ಸಮೋನ್ನತಿ ರೇಖೆಗಳನ್ನು ಹಿಡಿದು ಹೋದರೆ ಇಲ್ಲಿನ ಇಳಿಜಾರು ವೃಷಭಾವತಿ ಕಣಿವೆಗೆ ಒಯ್ಯುತ್ತದೆ. ಅಲ್ಲಿಂದ ಅರ್ಕಾವತಿ, ಆಮೇಲೆ ಕಾವೇರಿ. ಹೊಲದ ಮೇಲೆ ಮನೆ ಎದ್ದರೂ ಈ ಇಳಿಜಾರು ಬದಲಾಗಿಲ್ಲ. ಜೋರು ಮಳೆಯಲ್ಲಿ ತಗ್ಗಿನ ಬೀದಿಗೇ ನೀರು ನುಗ್ಗುವುದು ಅದರಿಂದ.

1956ರ ಬಳಿಕ ದೇಶ ಮೆಟ್ರಿಕ್ ಅಳತೆಗೆ ಹೊರಳಿತು. ಈ ನಕ್ಷೆಗಳೂ ಕ್ರಮೇಣ 1:50,000 ಪ್ರಮಾಣಕ್ಕೆ ಬಂದವು. ಹೊಸ ಹಾಳೆಗಳನ್ನು ಈಗ ಸರ್ವೆ ಆಫ್ ಇಂಡಿಯಾದ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಅವುಗಳಲ್ಲಿ ಸಮೋನ್ನತಿ ರೇಖೆಗಳ ಅಂತರ 20 ಮೀಟರ್. ಹಳೆಯದರಲ್ಲಿ ಅದು 50 ಅಡಿ, ಅಂದರೆ ಸುಮಾರು 15 ಮೀಟರ್. ಚರಂಡಿ, ರಾಜಕಾಲುವೆಯ ಕಾಮಗಾರಿಗೆ ಇಳಿಯುವವರು ಹಳೆಯ ಹಾಳೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.